ಕುಮಾರ ಗಂಧರ್ವರ ಉತ್ತರಚರಿತೆ

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವ ಬಾಲಕನಿಗೆ ‘ಗಂಧರ್ವ’ ಶಬ್ದವು ಎರಡು ಕಡೆಗಳಲ್ಲಿ ಭೆಟ್ಟಿಯಾಗುವದು. ಸ್ವರ್ಗವರ್ಗದಲ್ಲಿ ಅದು ವಿದ್ಯಾಧರ, ಅಪ್ಸರ, ಯಕ್ಷ, ಕಿನ್ನರರ ಸಾಲಿನಲ್ಲಿ ದೇವಯೋನಿಗಳಲ್ಲೊಂದಾಗಿ ಎಣಿಸಲ್ಪಟ್ಟಿದೆ. ನಾನಾರ್ಥವರ್ಗಕ್ಕೆ ಬಂದರೆ ಅದಕ್ಕೆ ಮೂರು ಅರ್ಥಗಳು: ದಿವ್ಯಗಾಯಕ, ಕುದುರೆ, ಮತ್ತು ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಹೊಂದುವ ಮುನ್ನ ನಡುವೆ ನಿಂತಿರುವ ಜೀವ. ಹತ್ತು ವರ್ಷದ ವಯಸ್ಸಿನಲ್ಲಿ ನಾನು ಇದನ್ನು ಒಪ್ಪಿಸಿದಾಗ ಮೊದಲಿನೆರಡು ಅರ್ಥಗಳು ತಿಳಿದವು. ಮೂರನೆಯದನ್ನು ಕುರಿತು ಕೇಳಲಾಗಿ ಪಂಡಿತರು, “ಮುಂದೆ ತಿಳಿದೀತು, ಈಗ ಶ್ಲೋಕ ತಪ್ಪಬೇಡ” ಎಂದು ಅಪ್ಪಣೆ ಕೊಟ್ಟರು. ಈ ಲೇಖನವನ್ನು ಬರೆಯಲು ಕುಳಿತಾಗ ಆ ಮೂರನೆಯ ಅರ್ಥವೇ ಮೊದಲು ನೆನಪಿಗೆ ಬಂದಿತು.

ಶ್ರೀಮಠದ ಮಹೋತ್ಸವದ ಸಂಪುಟದಲ್ಲಿ ಒಬ್ಬ ಗಾಯಕರ ಚರಿತ್ರವೇಕೆಂದು ಸದ್ಭಕ್ತರು ಕೇಳಬಹುದು. ಭಾರತಖಂಡವೆಲ್ಲವೂ ಅರಿತಿರುವ ‘ಕುಮಾರ ಗಂಧರ್ವ’ ಎಂಬ ಹೆಸರು ಒಂದು ಮಠದಲ್ಲಿ ಹುಟ್ಟಿದ ಹೆಸರು. ಗುರುಕಲ್ಮಠದ ಸ್ವಾಮಿಗಳು ಏಳು ವರ್ಷದ ಕೂಸಿನ ಗಾನವನ್ನು ಕೇಳಿ ಮೆಚ್ಚಿ ಆ ಬಿರುದನ್ನು ದಯಪಾಲಿಸಿದರೆಂಬದು ನಮ್ಮ ಸೀಮೆಯಲ್ಲಿ ಮನೆಮಾತಾಗಿದೆ. ನಾವು ಆ ಸಂಗತಿಯನ್ನು ಅಭಿಮಾನದಿಂದ ಹೇಳುತ್ತೇವೆ. ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಬಿರುದನ್ನು ಹೊತ್ತ ಮೇಲೆ ಆ ಬಾಲಕನು ಅರವತ್ತು ವರ್ಷಗಳ ಕಾಲ ಬದುಕಿದನು. ಆ ಅರವತ್ತು ವರ್ಷಗಳಲ್ಲಿ ಆತನಿಗೆ ಏನಾಯಿತು, ಆತನು ಏನು ಮಾಡಿದನು ಎಂಬದನ್ನು ವಿಚಾರಿಸಿದವರು ನಮ್ಮಲ್ಲಿ ಕಡಿಮೆ. ಹೆಸರು ಇಟ್ಟ ಮನೆಗೆ ಆ ವಿಚಾರಣೆಯ ಋಣವಿದೆಯೆಂದು ನಾನು ಬಗೆದಿದ್ದೇನೆ.

ಬೆಳಗಾವಿಗೆ ಸಮೀಪದ ಸೂಳೇಭಾವಿಯಲ್ಲಿ, ಕೊಂಕಾಳಿಮಠದ ಲಿಂಗಾಯತ ಮನೆತನದಲ್ಲಿ, 1924ನೆಯ ಇಸವಿ ಏಪ್ರಿಲ್ 8ರಂದು ಶಿವಪುತ್ರನ ಜನನವಾಯಿತು. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುವವರು. ಮನೆಯಲ್ಲಿ ಗಾನವು ಗಾಳಿಯಂತೆ ಸುಳಿಯುತ್ತಿದ್ದರೂ ಮಗುವಿಗೆ ಯಾರೂ ಕ್ರಮವಾಗಿ ಪಾಠ ಹೇಳಿರಲಿಲ್ಲ. ಆರೇಳು ವರ್ಷದ ಪ್ರಾಯದಲ್ಲಿ ಅದು ಒಮ್ಮಿಂದೊಮ್ಮೆಲೆ ಬಾಯ್ದೆರೆಯಿತು. ತೆರೆದದ್ದೇ ದೊಡ್ಡವರ ಗಾಯನವನ್ನು ಹಾಡಿತು. ಸ್ವಾಮಿಗಳ ಬಿರುದು ಬಂದದ್ದು ಆಗಲೇ. ಇಲ್ಲಿ ಒಂದು ಶಬ್ದವಿಚಾರವನ್ನು ಮಾಡದೆ ಮುಂದೆ ಹೋಗಲು ಮನಸ್ಸು ಒಪ್ಪುವದಿಲ್ಲ. ‘ಕುಮಾರ’ನೆಂದರೆ ಹುಡುಗನೆಂಬದು ಲೋಕರೂಢಿ, ಕೋಶದಲ್ಲಿಯಾದರೋ ಅದು ಶಿವನ ಮಗನಾದ ಷಣ್ಮುಖನ ಹೆಸರು. ಆದ್ದರಿಂದ ಶಿವಪುತ್ರನಿಗೆ ಕುಮಾರನೆಂದದ್ದು ಹೊಸ ಹೆಸರಲ್ಲ, ಪರ್ಯಾಯಪದ. ತಾಯಿತಂದೆಗಳು ಇಟ್ಟ ಹೆಸರೇ ಒಂದು ಸುತ್ತು ತಿರುಗಿ ಆತನಿಗೆ ಮರಳಿ ಬಂದಿತು.

ಆ ಬಾಲಕನು ಹಾಡುತ್ತಿದ್ದುದೇನು? ಅಬ್ದುಲ್ ಕರೀಮಖಾನರು, ರಾಮಕೃಷ್ಣಬುವಾ ವಝೆಯವರು, ಬಾಲಗಂಧರ್ವರು ಮೊದಲಾದವರ ಗ್ರಾಮೋಫೋನ್ ಪ್ಲೇಟುಗಳನ್ನು ಕೇಳಿ, ಅವುಗಳಲ್ಲಿದ್ದುದನ್ನು ಇದ್ದಂತೆ ಒಪ್ಪಿಸುತ್ತಿದ್ದನು. ಅಂದಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ಮಿನಿಟುಗಳಷ್ಟು ಗಾಯನವು ಹಿಡಿಯುತ್ತಿದ್ದಿತು. ಬುದ್ಧಿವಂತ ಹುಡುಗನು ಆ ಮೂರು ಮಿನಿಟುಗಳ ಚೀಜನ್ನು ಕಲಿತನೆಂದರೆ ಯಾರಿಗೂ ಬೆರಗಾಗದು. ಈ ಹುಡುಗನು ಚೀಜಿನ ಸಂಗಡ ಅವರವರ ಕಂಠದ ಬನಿಯನ್ನೂ, ತಾನಿನ ಓಟವನ್ನೂ, ಉಸಿರನ್ನು ಎಲ್ಲಿ ನಿಲ್ಲಿಸುವರೆಂಬದನ್ನೂ ಎತ್ತಿಕೊಳ್ಳುತ್ತಿದ್ದನು. ಒಬ್ಬರ ಬಳಿಕ ಒಬ್ಬರು ಪ್ರೌಢಗಾಯಕರು ಒಂದೇ ಚಿಕ್ಕ ಶರೀರದಲ್ಲಿ ಬಂದು ಹೋಗುವದನ್ನು ಕಂಡ ಜನರು ಇದು ಪೂರ್ವಜನ್ಮದ ಸಂಸ್ಕಾರವೆಂದರು.

ಶಾರ್ಙ್ಗದೇವನು ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಭಾಗಿಸಿದ್ದಾನೆ. ಕೊರತೆಯಿಲ್ಲದಂತೆ ಕಲಿಸಬಲ್ಲವನು ಶಿಕ್ಷಾಕಾರ. ಪರರ ರೀತಿಯನ್ನು ಅನುಕರಿಸುವವನು ಅನುಕಾರ. ತಾನೇ ರಸದಲ್ಲಿ ಮುಳುಗುವವನು ರಸಿಕ. ಕೇಳುವವರನ್ನು ರಂಜಿಸುವವನು ರಂಜಕ. ಗೀತಕ್ಕೆ ಇಲ್ಲದಿದ್ದ ಅತಿಶಯವನ್ನು ತರುವವನು ಭಾವಕ. ಈ ವಿಭಾಗದಂತೆ ನೋಡಿದರೆ ಬಾಲ ಶಿವಪುತ್ರನು ಅನುಕಾರನು, ಅನುಕಾರರಲ್ಲಿ ಅದ್ವಿತೀಯನು. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ವೇದಪಾಠವೂ ಅನುಕರಣದಿಂದಲೇ ಬರುವದು. ಆದರೆ ಜನರು ಚಪ್ಪಾಳೆಯಿಕ್ಕಿದ್ದು ಆ ಅನುಕರಣಕ್ಕೆ. ಹಣವನ್ನೂ ಪದಕಗಳನ್ನೂ ಕೊಟ್ಟದ್ದು ಅದಕ್ಕೇ. ತಂದೆಯವರು ಮಗನನ್ನು ಕರೆದುಕೊಂಡು ಊರಿಂದೂರಿಗೆ ಜಲಸೆಗಳನ್ನು ನಡಿಸಿದರು. ಬರಬರುತ್ತ ನಮ್ಮ ಸೀಮೆಯನ್ನು ದಾಟಿ ಪ್ರಯಾಗ, ಕಲಕತ್ತೆಗಳ ಪರಿಷತ್ತುಗಳವರೆಗೆ ಹುಡುಗನ ಕೀರ್ತಿಯು ಹಬ್ಬಿತು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ಕೂಡಿದ ಸಂಗೀತ ಪರಿಷತ್ತಿನಲ್ಲಿ ಆತನು ಹಾಡಿದಾಗ, ಆತನು ಯಾರ ಗಾಯನವನ್ನು ಅನುಕರಿಸುತ್ತಿದ್ದನೋ ಅಂಥ ತರಗತಿಯ ವಿದ್ವಾಂಸರೇ ಎದುರಿಗೆ ಕುಳಿತು ತಲೆದೂಗಿದರು. ಆಗ ಅವನಿಗೆ ಹನ್ನೆರಡು ತುಂಬಿರಲಿಲ್ಲ.

ಹನ್ನೆರಡು ಎಂಬದು ಇಂಥ ಮಕ್ಕಳಿಗೆ ಅಪಾಯದ ವಯಸ್ಸು. ನಮ್ಮ ಸಂಗೀತನಾಟಕ ಮಂಡಳಿಗಳನ್ನು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಹ್ಲಾದ, ಧ್ರುವ, ಲೋಹಿತಾಶ್ವರ ವೇಷಗಳನ್ನು ಕಟ್ಟಿ ಸಾವಿರಾರು ಜನರ ಕಣ್ಣಲ್ಲಿ ನೀರು ತರಿಸುತ್ತಿದ್ದ ಹುಡುಗರಿಗೆ ಮೀಸೆ ಚಿಗುರುವ ಹೊತ್ತಿಗೆ ಕಂಠವು ಒಡೆಯುತ್ತಿದ್ದಿತು. ಕಂಠವು ಒಡೆದ ದಿನವೇ ಪಾತ್ರವು ಬೇರೊಬ್ಬ ಹುಡುಗನ ಪಾಲಾಗುತ್ತಿದ್ದಿತು. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಜಾತ್ರೆಯಲ್ಲಿ ಲೋಹಿತಾಶ್ವನ ಪಾರ್ಟಿನ ಹುಡುಗನೊಬ್ಬನನ್ನು ಕಂಡಿದ್ದೆನು. ಸರ್ಪದಂಶದ ಪ್ರವೇಶದಲ್ಲಿ ಅವನು ಎತ್ತಿದ ಪದವನ್ನು ಕೇಳಿ ನಮ್ಮ ಮಗ್ಗುಲಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ತನ್ನ ಸೆರಗಿನ ಗಂಟನ್ನು ಬಿಚ್ಚಿ ಇದ್ದ ಕಾಸನ್ನೆಲ್ಲ ರಂಗಕ್ಕೆ ಎಸೆದಳು. ಹದಿನೈದು ವರ್ಷಗಳ ತರುವಾಯ ಅದೇ ಜಾತ್ರೆಯಲ್ಲಿ ಅವನು ಬೆಂಡುಬತ್ತಾಸಿನ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತಿದ್ದನು. ಗುರುತು ಹಿಡಿದು ಒಂದು ಪದ ಹೇಳೆಂದು ಕೇಳಿದೆವು. ಅವನು ನಕ್ಕು, “ಆ ಹುಡುಗ ಬ್ಯಾರೇರೀ ಬುದ್ಧೀ, ಅಂವಾ ಹೋದ” ಎಂದು ಬತ್ತಾಸವನ್ನು ಪುಡಿಕೆ ಕಟ್ಟಿ ಕೊಟ್ಟನು. ಅವನ ಮುಖದಲ್ಲಿ ದುಃಖವೇನೂ ಇರಲಿಲ್ಲ. ಅಮರಕೋಶದ ಮೂರನೆಯ ಅರ್ಥವು ನನಗೆ ತಿಳಿದದ್ದು ಆ ಅಂಗಡಿಯ ಮುಂದೆ.

ಶಿವಪುತ್ರನ ಪುಣ್ಯವೆಂದರೆ, ಕೀರ್ತಿಯು ಶಿಖರದಲ್ಲಿದ್ದಾಗಲೇ ಆತನು ಶಿಷ್ಯನಾಗಿ ಕುಳಿತದ್ದು. ಮಿರಜೆಯವರಾದ ಬಾಲಕೃಷ್ಣ ರಘುನಾಥ ದೇವಧರರು (1901–1990) ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. 1925ರಲ್ಲಿ ಮುಂಬಯಿಯಲ್ಲಿ ಸಂಗೀತಶಾಲೆಯನ್ನು ತೆರೆದು ನಡಿಸುತ್ತಿದ್ದವರು. ತಂದೆಯವರು ಮಗನನ್ನು ಅವರ ವಶಕ್ಕೆ ಒಪ್ಪಿಸಿದರು. ಮಗನ ಗಾಯನದಿಂದ ಸಂಪಾದನೆಯು ಕೈಗೆ ಬರುತ್ತಿರುವಾಗ ಅದನ್ನು ನಿಲ್ಲಿಸಿ ಅವನನ್ನು ಪಾಠಕ್ಕೆ ಕಳಿಸುವದು ಯಾವ ತಂದೆಗೂ ಸುಲಭವಲ್ಲ. ಸಿದ್ಧರಾಮಯ್ಯನವರಿಗೆ ಈ ಒಂದು ಕಾರ್ಯಕ್ಕಾಗಿಯೇ ಸಂಗೀತಲೋಕವು ಕೃತಜ್ಞವಾಗಿರತಕ್ಕದ್ದು.

ದೇವಧರರಲ್ಲಿ ಒಂದು ವಿಶೇಷಗುಣವಿದ್ದಿತು. ಅವರು ಒಂದೇ ಘರಾಣೆಗೆ ತಮ್ಮನ್ನು ಕಟ್ಟಿಹಾಕಿಕೊಂಡವರಲ್ಲ. ನಾನಾ ಘರಾಣೆಗಳ ಉಸ್ತಾದರನ್ನು ಆದರಿಸಿ ಕರೆತಂದು, ಅವರಿಂದ ಚೀಜುಗಳನ್ನು ಸಂಪಾದಿಸಿ, ಬರೆದಿಟ್ಟು, ಶಿಷ್ಯರಿಗೆ ಧಾರಾಳವಾಗಿ ಹಂಚಿದರು. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದರು. ಇಂಥವರ ಕೈಯಲ್ಲಿ ಅನುಕಾರನಾದ ಹುಡುಗನು ಬಿದ್ದುದು ಒಂದು ವಿಚಿತ್ರ ಯೋಗ. ಒಂದೇ ಮಾದರಿಯನ್ನು ಎದುರಿಗಿಟ್ಟಿದ್ದರೆ ಅವನು ಅದರ ಪರಿಪೂರ್ಣ ಪ್ರತಿಯಾಗಿ ಉಳಿಯುತ್ತಿದ್ದನು. ಹತ್ತು ಮಾದರಿಗಳು ಎದುರಿಗೆ ಬಂದು, ಒಂದು ಇನ್ನೊಂದಕ್ಕೆ ವಿರುದ್ಧವಾಗಿ ನಿಂತಾಗ, ಯಾಕೆ ಹೀಗೆ ಎಂದು ಕೇಳದೆ ವಿಧಿಯಿರಲಿಲ್ಲ. ಅಂಜನೀಬಾಯಿ ಮಾಲಪೇಕರರಂಥ ಹಿರಿಯ ಗಾಯಿಕೆಯಿಂದಲೂ ಅವರಿಗೆ ವಿದ್ಯಾಲಾಭವಾಯಿತು. ಹೀಗೆ ಹನ್ನೊಂದು ವರ್ಷಗಳು ಮುಂಬಯಿಯಲ್ಲಿ ಕಳೆದವು. ಶಿಷ್ಯನಾಗಿ ಬಂದವರು ಅಲ್ಲಿಯೇ ಪಾಠ ಹೇಳುವವರೂ ಆದರು.

ಇದೇ ಕಾಲದಲ್ಲಿ ನಮ್ಮ ಧಾರವಾಡ ಪ್ರಾಂತದ ಇನ್ನೊಬ್ಬ ಲಿಂಗಾಯತ ಬಾಲಕನ ಚರಿತ್ರವೂ ಹೀಗೆಯೇ ನಡೆಯಿತು. ಮನಸೂರಿನ ಮಲ್ಲಿಕಾರ್ಜುನನು (ಜನನ 1910) ವಾಮನರಾವ್ ಮಾಸ್ತರರ ನಾಟಕಮಂಡಳಿಯಲ್ಲಿ ಪ್ರಹ್ಲಾದ, ಧ್ರುವ, ನಾರದರ ಪಾತ್ರಗಳಲ್ಲಿ ಹಾಡಿ ಹೆಸರಾದ ಹುಡುಗನು. ಮಿರಜೆಯ ನೀಲಕಂಠಬುವಾ ಆಲೂರಮಠರು ಆತನನ್ನು ನಾಟಕದಿಂದ ಬಿಡಿಸಿ ಖ್ಯಾಲದ ಪಾಠಕ್ಕೆ ಹಚ್ಚಿದರು. ಮುಂದೆ ಗ್ರಾಮೋಫೋನ್ ಪ್ಲೇಟುಗಳಿಂದ ಪ್ರಸಿದ್ಧರಾದ ಮೇಲೆಯೂ ಮನಸೂರರು ಮಂಜೀಖಾನರ ಎದುರಿಗೆ ಮೊದಲಿನಿಂದ ಕಲಿಯುವ ವಿದ್ಯಾರ್ಥಿಯಾಗಿ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಳ್ಳಲು ಅವರ ತಮ್ಮಂದಿರಾದ ಭುರ್ಜೀಖಾನರನ್ನು ಆಶ್ರಯಿಸಿದರು. ಇದೆಲ್ಲವನ್ನೂ ‘ನನ್ನ ರಸಯಾತ್ರೆ’ ಎಂಬ ತಮ್ಮ ಗ್ರಂಥದಲ್ಲಿ ಅವರೇ ಕನ್ನಡದಲ್ಲಿ ಬರೆದಿಟ್ಟಿರುವದರಿಂದ ಇಲ್ಲಿ ವಿಸ್ತರಿಸುವದಿಲ್ಲ. ಬಸವರಾಜ ರಾಜಗುರುಗಳೂ (1917–1991) ಎಳೆತನದಲ್ಲಿ ನಾಟಕಮಂಡಳಿಯಲ್ಲಿ ಹಾಡಿದವರೇ. ಅವರನ್ನು ಸಾಕಿ ತಿದ್ದಿದವರು ಪಂಚಾಕ್ಷರಿ ಗವಾಯಿಗಳು. ಮೂವರಿಗೂ ಕೀರ್ತಿಯ ಬಳಿಕ ಗುರುವು ದೊರೆತನು. ಬತ್ತಾಸಿನ ಅಂಗಡಿಯ ನನ್ನ ಲೋಹಿತಾಶ್ವನಿಗೆ ದೊರೆತಿರಲಿಲ್ಲ. ವ್ಯತ್ಯಾಸವು ಕಂಠದಲ್ಲಿಯೇ ಇತ್ತೆಂದು ನಾನು ನಂಬಲಾರೆನು.

ಇತ್ತ ಕುಮಾರ ಗಂಧರ್ವರಿಗೆ 1947ರ ಏಪ್ರಿಲಿನಲ್ಲಿ, ತಮ್ಮೊಡನೆ ದೇವಧರರ ಶಾಲೆಯಲ್ಲಿ ಕಲಿಯುತ್ತಿದ್ದ ಭಾನುಮತಿಯವರ ಸಂಗಡ ವಿವಾಹವಾಯಿತು. ಅದೇ ವರ್ಷ ಅವರನ್ನು ಕ್ಷಯರೋಗವು ಹಿಡಿಯಿತು. ಅಂದಿನ ದಿವಸಗಳಲ್ಲಿ ಆ ರೋಗದ ಹೆಸರನ್ನು ಮನೆಯಲ್ಲಿ ಗಟ್ಟಿಯಾಗಿ ಆಡುತ್ತಿರಲಿಲ್ಲ. ಒಣಹವೆಯ ಪ್ರದೇಶಕ್ಕೆ ಹೋಗದೆ ಗತಿಯಿಲ್ಲವೆಂದಾಗಿ, ದಂಪತಿಗಳು ಮಾಳವ ದೇಶದಲ್ಲಿ ಇಂದೂರಿಗೆ ಸಮೀಪವಾದ ದೇವಾಸಕ್ಕೆ ಹೊರಟರು. ಅವರು ಅಲ್ಲಿಗೆ ಮುಟ್ಟಿದ ದಿನವು 1948ನೆಯ ಇಸವಿ ಜನವರಿ 30. ದಿಲ್ಲಿಯಲ್ಲಿ ಮಹಾತ್ಮಾಜಿಯವರ ಕೊಲೆಯಾದ ದಿನ. ದೇಶವೆಲ್ಲವೂ ಶೋಕದಲ್ಲಿ ಬಿದ್ದಿದ್ದಾಗ ಇಪ್ಪತ್ತಮೂರು ವರ್ಷದ ರೋಗಿಯೊಬ್ಬನು ಗುಡ್ಡದ ಬುಡದ ಆ ಚಿಕ್ಕ ಊರಿನಲ್ಲಿ ಹಾಸಿಗೆ ಹಿಡಿದನು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಆರು ವರ್ಷಗಳ ಹತ್ತಿರ ಹತ್ತಿರ ಈ ಮೌನವು ನಡೆಯಿತು.

ಆ ಆರು ವರ್ಷಗಳನ್ನು ಅವರ ಜೀವನದ ನಷ್ಟವೆಂದು ಲೆಕ್ಕ ಹಿಡಿಯುವವರಿದ್ದಾರೆ. ನನಗೆ ಅವು ಆ ಜೀವನದ ನಟ್ಟನಡುವಿನ ಕಂಬವಾಗಿ ತೋರುತ್ತವೆ. ಭಾನುಮತಿಯವರು ಶಿಕ್ಷಕಿಯಾಗಿ ದುಡಿದು ಸಂಸಾರವನ್ನು ಸಾಗಿಸಿ, ಉಳಿದ ಹೊತ್ತಿನಲ್ಲಿ ಪತಿಯ ಶುಶ್ರೂಷೆ ಮಾಡಿದರು. ಅವರ ಹೆಸರನ್ನು ಬರೆಯದೆ ಕುಮಾರರ ಚರಿತ್ರವನ್ನು ಬರೆದವರು ಅರ್ಧವನ್ನೇ ಬರೆದಂತೆ. ಹಾಸಿಗೆಯಲ್ಲಿದ್ದವರಿಗೆ ಮಾಡಲು ಉಳಿದದ್ದು ಒಂದೇ ಕೆಲಸ, ಕಿವಿಗೊಡುವದು. ಬಾಲ್ಯದಲ್ಲಿ ಪ್ಲೇಟುಗಳಿಗೆ ಕಿವಿಗೊಟ್ಟವರು ಈಗ ಓಣಿಗೆ ಕಿವಿಗೊಟ್ಟರು. ಬೀಸುವ, ಕುಟ್ಟುವ, ಮದುವೆಯ, ಮಳೆಯ ಹಾಡುಗಳನ್ನು ಮಾಳವದ ಹೆಂಗಸರು ಹಾಡುತ್ತಿದ್ದರು; ಜೋಳಿಗೆಯ ಜೋಗಿಗಳು ಪದ ಹೇಳುತ್ತ ಬಾಗಿಲ ಮುಂದೆ ಹೋಗುತ್ತಿದ್ದರು. ಮೊದಲಾದರೆ ಅವರು ಕೇಳಿದ ಕ್ಷಣವೇ ಅದನ್ನು ಕಂಠಕ್ಕೆ ತಂದು ತೋರಿಸಿಬಿಡುತ್ತಿದ್ದರು. ಈಗ ಕಂಠಕ್ಕೆ ಅಪ್ಪಣೆಯಿಲ್ಲ. ಕೇಳಿದ್ದು ಒಳಗೇ ಇಳಿದು, ಒಳಗೇ ಕೊಳೆತು ಗೊಬ್ಬರವಾಗಬೇಕಾಯಿತು.

ನಡುವೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧವು ಹಿಂದುಸ್ಥಾನಕ್ಕೆ ಬಂದಿತು. 1943ರಲ್ಲಿ ಅಮೇರಿಕೆಯಲ್ಲಿ ಕಂಡುಹಿಡಿಯಲ್ಪಟ್ಟ ಈ ಮದ್ದಿನ ದೆಸೆಯಿಂದ ಎಷ್ಟೋ ಮನೆಗಳ ದೀಪಗಳು ಉಳಿದವು. ಅವುಗಳಲ್ಲಿ ದೇವಾಸದ ಈ ಮನೆಯೂ ಒಂದು. ಆದರೂ ಒಂದು ಪುಪ್ಪುಸವು ಕೆಲಸಕ್ಕೆ ಬಾರದೆ ಹೋಗಿದ್ದಿತು. 1953ರಲ್ಲಿ ಅವರು ಮರಳಿ ಸಭೆಯ ಎದುರಿಗೆ ಬಂದಾಗ ಕೇಳಿದವರು ಚಕಿತರಾದರು. ಹಳೆಯ ಕುಮಾರ ಗಂಧರ್ವರನ್ನು ಹುಡುಕಿಕೊಂಡು ಬಂದವರಿಗೆ ಅವರು ಸಿಕ್ಕಲಿಲ್ಲ. ದೀರ್ಘವಾದ ತಾನುಗಳ ಬದಲು ಚಿಕ್ಕ ಚಿಕ್ಕ ಮಿಂಚುಗಳು. ಒಂದು ಮಾತನ್ನು ಎಸೆದು ನಿಲ್ಲುವದು. ನಿಂತ ಮೌನದಲ್ಲಿ ತಂಬೂರಿಯು ಮಾತಾಡಗೊಡುವದು. ಬಳಿಕ ಅನಿರೀಕ್ಷಿತವಾದ ಎಡೆಯಿಂದ ತಾರಸ್ವರವನ್ನು ಹಿಡಿಯುವದು. ಒಂದೇ ಪುಪ್ಪುಸವಿದ್ದುದರಿಂದ ಹೀಗೆ ಹಾಡಬೇಕಾಯಿತೆಂದು ಜನರು ಸುಲಭವಾಗಿ ಹೇಳಿಬಿಡುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದ್ದೀತು. ಉಸಿರು ಕಡಿಮೆಯಾದವರು ಎಷ್ಟೋ ಜನರಿದ್ದರು. ಅವರೆಲ್ಲರೂ ಉಸಿರಿಲ್ಲದ ಎಡೆಯನ್ನು ಗಾಯನದ ಅಂಗವಾಗಿ ಮಾಡಿಕೊಳ್ಳಲಿಲ್ಲ.

ಮಾಳವದ ಹಾಡುಗಳಿಂದ ಅವರು ಪಡೆದದ್ದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಜನಪದದ ಮಟ್ಟು, ಅಂದರೆ ಅವರ ಮಾತಿನಲ್ಲಿ ‘ಧುನ್’, ಬಹುಶಃ ನಾಲ್ಕೈದು ಸ್ವರಗಳ ಅಳತೆಯಲ್ಲಿ ಓಡಾಡುವದು. ಅದಕ್ಕೆ ರಾಗದ ಆರೋಹ ಅವರೋಹಗಳ ಕಟ್ಟಳೆಯಿಲ್ಲ. ಆದರೂ ಒಂದು ಮುಖವುಂಟು, ಗುರುತು ಹಿಡಿಯಬಲ್ಲ ನಡೆಯುಂಟು. ರಾಗಗಳು ಹುಟ್ಟಿದ್ದು ಈ ಮಟ್ಟುಗಳಿಂದಲೇ ಎಂಬದು ಅವರ ಸಿದ್ಧಾಂತ. ನೂರಾರು ಹಾಡುಗಳನ್ನು ಸಂಗ್ರಹಿಸಿ, ಸ್ವರಹಾಕಿ ಪರೀಕ್ಷಿಸಿ, ಅವುಗಳ ಗರ್ಭದಲ್ಲಿ ಅಡಗಿದ್ದ ರಾಗಗಳನ್ನು ಹೊರತೆಗೆದು ‘ಧುನ್-ಉಗಮ’ ರಾಗಗಳೆಂದು ಕರೆದರು. ಮಾಲವತಿ, ಸಂಜಾರಿ, ಲಗನಗಂಧಾರ, ಸಹೇಲಿತೋಡಿ, ಅಹಿಮೋಹಿನಿ ಮೊದಲಾದವು ಹೀಗೆ ಬಂದವು. ಇವುಗಳನ್ನೂ ತಾವು ರಚಿಸಿದ ಚೀಜುಗಳನ್ನೂ 1965ರಲ್ಲಿ ‘ಅನೂಪರಾಗವಿಲಾಸ’ವೆಂಬ ಗ್ರಂಥದಲ್ಲಿ ಪ್ರಕಟಿಸಿದರು. ಸಂಪ್ರದಾಯಸ್ಥರು ಮುನಿದರು. ಯಾವ ಘರಾಣೆಯೂ ಇಲ್ಲದವನು, ಹೆಂಗಸರ ಹಾಡನ್ನು ತಂದು ಶಾಸ್ತ್ರಕ್ಕೆ ಬೆರಸಿದನು ಎಂಬ ಆಕ್ಷೇಪವು ಬಹುಕಾಲ ನಡೆಯಿತು. ಈ ಆಕ್ಷೇಪವನ್ನು ಮಾಡಿದವರು ಶಾಸ್ತ್ರವನ್ನು ಓದಿರಲಿಲ್ಲವೆಂದು ಹೇಳುವದು ಅವಿನಯವಾದೀತು. ಆದರೆ ಮತಂಗಮುನಿಯು ಬೃಹದ್ದೇಶಿಯಲ್ಲಿ ದೇಶೀಗಾನದ ಲಕ್ಷಣವನ್ನು ಹೇಳುವಾಗ ಹೆಂಗಸರು, ಮಕ್ಕಳು, ಗೋವಳರು, ಅರಸರು ತಮ್ಮ ತಮ್ಮ ದೇಶದಲ್ಲಿ ಮನವೊಲಿದು ಹಾಡುವದೇ ದೇಶಿಯೆಂದಿದ್ದಾನೆ. ಅರಸರನ್ನು ಆತನು ಕೊನೆಗೆ ಹೇಳಿದನೆಂಬದನ್ನು ಗಮನಿಸತಕ್ಕದ್ದು.

ಜೋಗಿಗಳ ಪದಗಳು ಅವರನ್ನು ಇನ್ನೊಂದು ದಿಕ್ಕಿಗೆ ಎಳೆದವು. ದೇವಾಸದಲ್ಲಿ ಶೀಲನಾಥರೆಂಬ ನಾಥಯೋಗಿಗಳ ಧುನಿಸ್ಥಾನವುಂಟು. ಆ ಸೀಮೆಯಲ್ಲಿ ಗೋರಖನಾಥ, ಕಬೀರರ ನಿರ್ಗುಣಪದಗಳು ಬಾಯಿಂದ ಬಾಯಿಗೆ ಬಂದಿವೆ. ಕುಮಾರರು ಇವುಗಳನ್ನು ಎತ್ತಿಕೊಂಡು ಹಾಡಿದರು. ಅವರ ಹೆಸರನ್ನು ರಾಗಗಳಿಗಿಂತ ಹೆಚ್ಚಾಗಿ ಈ ನಿರ್ಗುಣಗಾನದಿಂದ ಬಲ್ಲವರೇ ಇಂದು ಬಹಳ. ಆ ಪದಗಳಲ್ಲಿ ಮರಳಿ ಮರಳಿ ಬರುವ ಶಬ್ದವು ‘ಶೂನ್ಯ’. ಶೂನ್ಯಸಂಪಾದನೆಯ ಪಾರಾಯಣವನ್ನು ಕೇಳುತ್ತ ಬೆಳೆದ ಭಕ್ತರಿಗೆ ಈ ಶಬ್ದವು ಹೊಸದಲ್ಲ, ಗೋರಕ್ಷನೂ ಹೊಸಬನಲ್ಲ. ಅಲ್ಲಮಪ್ರಭುವೂ ಗೋರಕ್ಷನೂ ಭೆಟ್ಟಿಯಾದ ಪ್ರಸಂಗವನ್ನು ನೆನೆಯಬೇಕು. ಗೋರಕ್ಷನು ತನ್ನ ದೇಹವನ್ನು ಸಾಧಿಸಿ ವಜ್ರವಾಗಿಸಿಕೊಂಡಿದ್ದನು. ಖಡ್ಗವು ಅದಕ್ಕೆ ತಗಲಿದರೆ ಖಣಿಲೆಂಬ ಶಬ್ದವಾಯಿತು. ಅದೇ ಖಡ್ಗವು ಪ್ರಭುವಿನ ದೇಹದಲ್ಲಿ ಬಯಲಲ್ಲಿ ಆಡಿದಂತೆ ಆಡಿತು. ಬಾಲ್ಯದಲ್ಲಿ ಯಾವ ಎಡೆಯಲ್ಲಿ ಮುಟ್ಟಿದರೂ ಖಣಿಲೆನ್ನುತ್ತಿದ್ದ ಆ ಕಂಠವು ಒಂದು ಪುಪ್ಪುಸವನ್ನು ಕಳೆದುಕೊಂಡ ಮೇಲೆ ನಿರ್ಗುಣವನ್ನು ಹಾಡಿದ್ದನ್ನು ಕೇಳುವಾಗ, ನನ್ನ ಮನಸ್ಸು ತಾನಾಗಿಯೇ ಈ ಪ್ರಸಂಗಕ್ಕೆ ಹೋಗುತ್ತದೆ. ಹೋಲಿಕೆಯನ್ನು ದೂರ ಎಳೆಯುವದು ತರವಲ್ಲ. ಗಾಯಕರನ್ನು ಪ್ರಭುವಿನ ಸರಿಗೆ ಕುಳ್ಳಿರಿಸುವ ಉದ್ದೇಶವು ನನಗಿಲ್ಲ.

ಅವರು ನಮ್ಮ ಸೀಮೆಯನ್ನು ಬಿಟ್ಟು ಹೋದರು, ಮಾಳವದವರಾಗಿಬಿಟ್ಟರು ಎಂದು ನಮ್ಮಲ್ಲಿ ಕೆಲವರು ಕೊರಗುವದುಂಟು. ನಾನೂ ಕೆಲಕಾಲ ಹಾಗೆ ಕೊರಗಿದವನೇ. ಆದರೆ ರೋಗವು ಅವರನ್ನು ಅಲ್ಲಿಗೆ ಕರೆದೊಯ್ದಿತು, ಆ ಮಣ್ಣು ಅವರನ್ನು ಉಳಿಸಿತು. ಉಳಿಸಿದ ಮಣ್ಣಿನ ಹಾಡನ್ನು ಅವರು ಹಾಡಿದರು. ಜಂಗಮನಿಗೆ ಒಂದೂರಿನ ಹಂಗು ಹಾಕುವದು ನಮಗೆ ಶೋಭಿಸುವದಿಲ್ಲ.

1961ರಲ್ಲಿ ಭಾನುಮತಿಯವರು ಹೆರಿಗೆಯಲ್ಲಿ ತೀರಿಕೊಂಡರು. ಮರುವರ್ಷ, ದೇವಧರರ ಶಾಲೆಯಲ್ಲಿಯೇ ಕಲಿತ ವಸುಂಧರಾ ಶ್ರೀಖಂಡೆಯವರೊಡನೆ ಕುಮಾರರ ವಿವಾಹವಾಯಿತು; ಮುಂದೆ ಅವರೇ ಪತಿಯ ಸಹಗಾಯಿಕೆಯಾಗಿ ವೇದಿಕೆಯ ಮೇಲೆ ಕುಳಿತರು. ವರ್ಷಾ, ಹೇಮಂತ, ವಸಂತ ಋತುಗಳ ಗೀತಗಳನ್ನೂ, ಕಬೀರ, ಸೂರದಾಸ, ಮೀರೆಯರ ಪದಗಳನ್ನೂ, ತುಕಾರಾಮರ ಅಭಂಗಗಳನ್ನೂ ಒಂದೊಂದು ಸೂತ್ರದಲ್ಲಿ ಪೋಣಿಸಿ ಕಾರ್ಯಕ್ರಮಗಳನ್ನು ರಚಿಸಿದರು. ಸರಕಾರದವರು 1977ರಲ್ಲಿ ಪದ್ಮಭೂಷಣವನ್ನೂ 1990ರಲ್ಲಿ ಪದ್ಮವಿಭೂಷಣವನ್ನೂ ಕೊಟ್ಟು ಮನ್ನಿಸಿದರು. ಬಿರುದುಗಳ ವಿಷಯವು ಇಷ್ಟು ಸಾಕು. ಏಳನೆಯ ವಯಸ್ಸಿನಲ್ಲಿಯೇ ದೊಡ್ಡ ಬಿರುದನ್ನು ಪಡೆದವರಿಗೆ ಇವು ಎಷ್ಟರವು.

ಆ ಕಾರ್ಯಕ್ರಮಗಳ ಪೈಕಿ ಒಂದನ್ನು ಮಾತ್ರ ಬೇರೆಯಾಗಿ ಹೇಳಲೇಬೇಕು. ಅದು ಮರಾಠಿಯಲ್ಲಿ ‘ಮಲಾ ಉಮಜಲೇಲೇ ಬಾಲಗಂಧರ್ವ’, ಅಂದರೆ ‘ನಾನು ಅರಿತುಕೊಂಡ ಬಾಲಗಂಧರ್ವರು’. ನಾರಾಯಣ ಶ್ರೀಪಾದ ರಾಜಹಂಸರಿಗೆ (1888–1967) ಬಾಲಗಂಧರ್ವನೆಂಬ ಹೆಸರನ್ನು ಕೊಟ್ಟವರು ಲೋಕಮಾನ್ಯ ತಿಲಕರು. ಅವರೂ ಎಳೆತನದಲ್ಲಿಯೇ ಗಂಧರ್ವರಾದವರು. ಸ್ತ್ರೀಪಾತ್ರಗಳಲ್ಲಿ ಹಾಡಿ ಮಹಾರಾಷ್ಟ್ರವನ್ನು ಮರುಳುಗೊಳಿಸಿ, ಸಾಲದಲ್ಲಿಯೂ ಮುಪ್ಪಿನಲ್ಲಿಯೂ ಬಳಲಿದವರು. ಅವರ ನಾಟ್ಯಗೀತಗಳನ್ನೇ ಶಿವಪುತ್ರನು ಸೂಳೇಭಾವಿಯ ಹುಡುಗನಾಗಿದ್ದಾಗ ಪ್ಲೇಟಿನಿಂದ ಎತ್ತಿ, ಕೊಂಕು ಕೂಡ ಬಿಡದೆ ಹಾಡುತ್ತಿದ್ದನು. ನಡುವಯಸ್ಸಿನಲ್ಲಿ ಅದೇ ಗೀತಗಳಿಗೆ ಅವರು ಮರಳಿ ಬಂದರು. ಈ ಸಲ ಕಂಠವನ್ನು ಅನುಕರಿಸಲಿಲ್ಲ. ಒಂದು ಸ್ವರವನ್ನು ಬಾಲಗಂಧರ್ವರು ಏಕೆ ಅಲ್ಲಿ ಇಟ್ಟರು, ಲಯದಲ್ಲಿ ಏಕೆ ಹಿಂದೆ ಸರಿದರು, ಆ ಮಾತಿನಲ್ಲಿ ಯಾವ ಭಾವವು ಒಡೆಯುತ್ತದೆ ಎಂದು ತೋರಿಸುತ್ತ ತಮ್ಮ ರೀತಿಯಲ್ಲಿ ಹಾಡಿದರು. ಹೆಸರಿನಲ್ಲಿರುವ ‘ನಾನು ಅರಿತುಕೊಂಡ’ ಎಂಬ ಎರಡು ಪದಗಳನ್ನು ಬಾಲಕನಾದ ಶಿವಪುತ್ರನು ಹೇಳಲಾರದವನಾಗಿದ್ದನು. ಶಾರ್ಙ್ಗದೇವನ ಎರಡನೆಯ ತರಗತಿಯಿಂದ ಐದನೆಯದಕ್ಕೆ ಏರಲು ಆತನಿಗೆ ಮೂವತ್ತು ವರ್ಷಗಳ ಮೇಲೆ ಹಿಡಿದವು. ಅವುಗಳಲ್ಲಿ ಹನ್ನೊಂದು ಗುರುವಿನ ಮನೆಯವು, ಆರು ಮೌನದವು.

1992ನೆಯ ಇಸವಿ ಜನವರಿ 12ರಂದು ದೇವಾಸದಲ್ಲಿ ಕುಮಾರ ಗಂಧರ್ವರು ದೇಹವಿಟ್ಟರು. ಅದೇ ವರ್ಷ ಸೆಪ್ಟೆಂಬರ 12ರಂದು ಮಲ್ಲಿಕಾರ್ಜುನ ಮನಸೂರರೂ ಲಿಂಗೈಕ್ಯರಾದರು. ಒಂದೇ ವರ್ಷದಲ್ಲಿ ನಮ್ಮ ಸೀಮೆಯ ಇಬ್ಬರು ಬಾಲಗಾಯಕರು ಹೊರಟುಹೋದರು. ಒಬ್ಬರಿಗೆ ಅರವತ್ತೇಳು, ಇನ್ನೊಬ್ಬರಿಗೆ ಎಂಬತ್ತೊಂದು.

ಕುಮಾರರ ಮಕ್ಕಳೂ ಗಾಯಕರಾದರು. ಭಾನುಮತಿಯವರಲ್ಲಿ ಹುಟ್ಟಿದ ಮುಕುಲರು ಗಂಧರ್ವರೆಂಬ ಹೆಸರನ್ನು ಧರಿಸಲಿಲ್ಲ. ತಂದೆಯ ಜನ್ಮನಾಮವನ್ನು ಇಟ್ಟುಕೊಂಡು ಮುಕುಲ ಶಿವಪುತ್ರರೆಂದು ಹಾಡಿದರು. ವಸುಂಧರೆಯವರ ಮಗಳು ಕಲಾಪಿನಿಯವರೂ, ಮುಕುಲರ ಮಗ ಭುವನೇಶರೂ ಕೊಂಕಾಳಿಯವರೆಂದೇ ಸಭೆಗಳಲ್ಲಿ ಕರೆಯಿಸಿಕೊಂಡಿದ್ದಾರೆ. ಸ್ವಾಮಿಗಳು ಕೊಟ್ಟ ಹೆಸರನ್ನು ಅವರ ಮನೆಯಲ್ಲಿ ಮತ್ತೊಬ್ಬರು ಹೊರಲಿಲ್ಲ.